ಬಲ್ಬನ್ನು ನಂಬದ ಮೈದುನ

ನಮ್ಮ ಮೈದುನನಿಗೆ ಮನುಷ್ಯರ ಮೇಲೆ ಎಳ್ಳಷ್ಟೂ ಅನುಮಾನವಿಲ್ಲ. ಕೊಳೆತ ಟೊಮೆಟೊ ತೂಗಿಕೊಟ್ಟವನನ್ನೂ “ಪಾಪ, ಅವನಿಗೂ ಗೊತ್ತಿರ್ಲಿಕ್ಕಿಲ್ಲ ಬಿಡ್ರಿ ಅತ್ತಿಗೆ” ಎಂದು ವಹಿಸಿಕೊಂಡು ಬರುತ್ತಾನೆ. ಆದರೆ ಬಲ್ಬನ್ನು ನಂಬುವುದಿಲ್ಲ! ಬಲ್ಬು, ಪ್ಲಗ್ಗು, ಬಾಗಿಲಿನ ಗಂಟೆ, ಯಾವುದನ್ನೂ ನಂಬುವುದಿಲ್ಲ. ಇಂಥವನಿಗೆ ಯಾರು ಹೆಣ್ಣು ಕೊಟ್ಟಾರು? ಕೊಡಲಿಲ್ಲ.

ಹರಿಹರದಲ್ಲಿ ಸ್ಟೇಷನ್ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಉಳಿದ ಹೊತ್ತು ಸಂಶೋಧನೆ. ಏನಪ್ಪಾ ಅದು ಎಂದರೆ, ಈಗಿನ ಕಾಲದ ಮನೆಸಾಮಾನುಗಳೆಲ್ಲ ಇಂಟರ್ನೆಟ್ಟಿಗೆ ಸೇರಿಕೊಂಡು ತಮ್ಮತಮ್ಮಲ್ಲೇ ಮಾತಾಡುತ್ತವಂತೆ. ಆ ಮಾತು ಕಳ್ಳರ ಕಿವಿಗೆ ಬೀಳದಂತೆ ನೋಡಿಕೊಳ್ಳುವುದೇ ಇವನ ಕೆಲಸ.

ಯುಗಾದಿ ಮುಗಿದ ಮೇಲೆ ಒಂದು ಚೀಲ ಹಿಡಿದು ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದ. “ಅತ್ತಿಗೆ, ನಿಮ್ಮ ಮನ್ಯಾಗ ಒಂದು ಪ್ರಯೋಗ ಮಾಡ್ಲಾ? ಬ್ಯಾಡ ಅಂದ್ರ ಬ್ಯಾಡ” ಎಂದು ಕೇಳಿದ. ಬೇಡ ಎನ್ನಲು ಮನಸ್ಸಾದರೂ ಹೇಗೆ ಬರಬೇಕು? ಯಜಮಾನರು ಹೋದ ಮೇಲೆ ಈ ಮನೆಗೆ ಹಾಲಿನವನನ್ನು ಬಿಟ್ಟರೆ ಚೀಲ ಹಿಡಿದು ಬಂದವನು ಇವನೊಬ್ಬನೇ. ದೇವರ ಮನೆಗೆ ಒಂದು ಬಲ್ಬು, ಅಡುಗೆಮನೆಗೆ ಒಂದು ಪ್ಲಗ್ಗು, ಬಾಗಿಲು ತೆರೆದರೆ ತಿಳಿಸುವ ಬೆಂಕಿಪೆಟ್ಟಿಗೆಯಂಥದ್ದೊಂದು, ಗೇಟಿನ ಕಡೆ ಮುಖ ಮಾಡಿದ ಕ್ಯಾಮೆರಾ. “ಮನೆ ಒಳಗ ಕ್ಯಾಮೆರಾ ಇಡಬಾರ್ದು, ಅದು ಮರ್ಯಾದೆ ಅಲ್ಲ” ಎಂದು ತಾನೇ ಹೇಳಿದ.

“ಒಂದು ಪಾಸ್‌ವರ್ಡ್ ಹೇಳ್ರಿ.”

“ಓಂ ನಮಃ ಶಿವಾಯ.”

“ಅಯ್ಯೋ ಬ್ಯಾಡ್ರಿ! ದಾವಣಗೆರೆಯಾಗ ಅರ್ಧ ಮನೆಗಳದ್ದು ಅದೇ ಐತೆ!”

ತಾನೇ ಏನೋ ಒಂದು ಇಟ್ಟ. ಅಕ್ಷರ, ಅಂಕಿ, ನಕ್ಷತ್ರ, ಮತ್ತೆ ಅಕ್ಷರ. “ಇದನ್ನ ಜಪ ಮಾಡಿದ್ರೆ ಯಾವ ದೇವರು ಬರ್ತಾನಪ್ಪಾ?” ಎಂದೆ. “ಯಾರೂ ಬರಬಾರ್ದು ಅಂತನೇ ಇಟ್ಟಿದ್ದು” ಎಂದ!

ಇವನನ್ನು ಸಮಾರಂಭಗಳಿಗೆ ಕರೆದೊಯ್ಯುವುದೂ ಕಷ್ಟ. ಕೊಂಡಜ್ಜಿ ರಸ್ತೆಯಲ್ಲಿ ದೂರದ ನೆಂಟರೊಬ್ಬರ ಗೃಹಪ್ರವೇಶ. ಆ ಮನೆಯ ಯಜಮಾನರು ಮನೆತುಂಬ ಕ್ಯಾಮೆರಾ ಹಾಕಿಸಿ, “ಇರುವೆ ಒಳಗ ಬಂದ್ರೂ ಗೊತ್ತಾಗ್ತೈತೆ. ಬೇಕಾದ್ರ ನೀವೇ ನುಗ್ಗಿ ನೋಡ್ರಿ ಸರ್!” ಎಂದು ಇವನನ್ನೇ ಕೆಣಕಬೇಕೇ? ಕಂಪನಿಯವರು ಕೊಟ್ಟ ಪಾಸ್‌ವರ್ಡನ್ನು ಅವರು ಬದಲಾಯಿಸಿಯೇ ಇರಲಿಲ್ಲ. ಇವನು ಒಂದು ಹೋಳಿಗೆ ತಿಂದು ಮುಗಿಸುವಷ್ಟರಲ್ಲಿ ನುಗ್ಗಿ, ಫೋನನ್ನು ಅವರ ಮುಂದೆ ಹಿಡಿದ. ಪರದೆಯ ಮೇಲೆ ಯಾರು? ಅವರ ಹೆಂಡತಿ! ಉಗ್ರಾಣದಲ್ಲಿ ಕೂತು ತವರಿನವರಿಗಾಗಿ ಡಬ್ಬಿಗೆ ಹೋಳಿಗೆ ಒತ್ತಿ ಒತ್ತಿ ತುಂಬುತ್ತಿದ್ದಾರೆ! ಆಮೇಲೆ ನಮ್ಮನ್ನು ಯಾರೂ ಗೃಹಪ್ರವೇಶಕ್ಕೆ ಕರೆದಿಲ್ಲ. “ಪಾಸ್‌ವರ್ಡ್ ಬದಲಾಯಿಸಿದ್ರಲ್ಲ, ಅಷ್ಟು ಸಾಕು” ಎಂದು ಇವನು ಸಂತೋಷವಾಗಿಯೇ ಇದ್ದಾನೆ.

ನನ್ನ ಮನೆಗೆ ಬಂದರೆ “ಹೆಂಗದೀರಿ ಅತ್ತಿಗೆ?” ಎಂದು ಕೇಳುವವನಲ್ಲ. “ಪ್ಲಗ್ ಹೆಂಗೈತೆ?” ಎನ್ನುತ್ತಾನೆ. ನನಗೂ ಮಂಡಿನೋವಿತ್ತು, ಪ್ಲಗ್ಗಿಗೆ ಇರಲಿಲ್ಲವೆಂದು ಕಾಣುತ್ತದೆ. ಇವನ ಸಾಮಾನುಗಳೋ, ಮಾತಾಡುತ್ತವೆ ಎಂದು ಹೆಸರಷ್ಟೇ. ತಮ್ಮೊಳಗೇ ಮಾತಾಡಿಕೊಳ್ಳುತ್ತವೆ, ನನ್ನ ಜೊತೆ ಒಂದು ಮಾತಿಲ್ಲ!

ಮನೆ ನಿಶ್ಶಬ್ದವಾಗಿತ್ತು. ಮಧ್ಯಾಹ್ನ ಫ್ರಿಡ್ಜಿನ ಗುಂಯ್ ನಿಂತರೆ ಯಾರೋ ಎದ್ದು ಹೋದಂತಾಗುತ್ತಿತ್ತು. ಸ್ನಾನಕ್ಕೆ ಹೋದಾಗ ಬಚ್ಚಲಿನ ಚಿಲಕ ಹಾಕುತ್ತಿರಲಿಲ್ಲ. ಜಾರಿ ಬಿದ್ದರೆ ಬಾಗಿಲು ಒಡೆಯುವ ತೊಂದರೆ ಯಾರಿಗೆ ಯಾಕೆ? ಆದರೆ ಬಿದ್ದದ್ದು ಯಾರಿಗೆ ಗೊತ್ತಾಗಬೇಕು, ಹೇಳಿ! ನಿನಗಾದರೂ ಗೊತ್ತಿರಲಿ ಶಿವನೇ ಎಂದು ಬೆಳಿಗ್ಗೆ ದೇವರ ಮನೆಯ ಬಲ್ಬು ಹಾಕಿ, ದೀಪ ಹಚ್ಚಿ, ಕಾಲು ಇನ್ನೂ ನಡೆಸುತ್ತಿರುವುದಕ್ಕೆ, ಹಾಲು ಒಡೆಯದೆ ಇದ್ದುದಕ್ಕೆ ಕೈ ಮುಗಿಯುತ್ತಿದ್ದೆ. ಕೊಟ್ಟದ್ದನ್ನು ಎಣಿಸಿದರೆ ಕೊಡದೆ ಇದ್ದುದು ನೆನಪಾಗುವುದಿಲ್ಲ.

ಒಮ್ಮೆ ಕೇಳಿದೆ: “ಅಷ್ಟು ಘನವಾದ ಪಾಸ್‌ವರ್ಡಿನ ಬೀಗ ಹಾಕೀಯಲ್ಲ, ಇನ್ನೇನು ಭಯ?”

“ಕಳ್ಳರಿಗೆ ಮಾತು ಕೇಳಂಗಿಲ್ಲ ಅತ್ತಿಗೆ, ಆದ್ರ ಮಾತಾಡಿದ್ದು ಗೊತ್ತಾಗ್ತೈತೆ. ನಿಮ್ಮ ಕುಕ್ಕರ್ ಸೀಟಿ ಕೇಳಿ ಪಕ್ಕದ ಮನೆ ಮುಮ್ತಾಜಕ್ಕ ಬ್ಯಾಳಿನೋ ಕಾಳೋ ಅಂತ ಹೇಳಂಗಿಲ್ಲೇನು? ಮುಚ್ಚಳ ತೆಗೆದು ನೋಡ್ಯಾಳೇನು? ಹಂಗೇ ಇದು. ಯಾವುದು ಯಾವಾಗ ಮಾತಾಡ್ತು ಅನ್ನೋದ್ರಾಗೇ ಮನೆ ಕಥೆ ಎಲ್ಲಾ ಐತೆ.”

ಇಷ್ಟು ದೊಡ್ಡ ವಿದ್ಯೆ ಕೊನೆಗೆ ಮುಮ್ತಾಜಳ ಕಿವಿಗೆ ಬಂದು ನಿಂತಿತಲ್ಲ ಎಂದು ನಕ್ಕುಬಿಟ್ಟೆ.

ಆಯುಧಪೂಜೆ ಬಂತು. ನಮ್ಮಲ್ಲಿ ಅವತ್ತು ದುಡಿಯುವ ವಸ್ತುಗಳಿಗೆಲ್ಲ ಪೂಜೆ, ಪೂಜೆ ಮಾಡಿದ ಮೇಲೆ ಅವಕ್ಕೆ ರಜೆ. ಈಳಿಗೆಮಣೆ, ಕತ್ತರಿ ಒರೆಸಿಟ್ಟೆ. ಪಾಪ, ಮೈದುನನ ಸಾಮಾನುಗಳೂ ಯುಗಾದಿಯಿಂದ ದುಡಿಯುತ್ತಿವೆಯಲ್ಲ! ಬಲ್ಬು ಬಿಚ್ಚಿದೆ, ಪ್ಲಗ್ಗು ಕಿತ್ತೆ, ಬಾಗಿಲಿನದ್ದನ್ನೂ ಕ್ಯಾಮೆರಾವನ್ನೂ ಇಳಿಸಿದೆ. ಕೊನೆಗೆ ಮಿಣುಕುವ ಇಂಟರ್ನೆಟ್ ಡಬ್ಬಿ, ನನ್ನ ಫೋನು. ಎಲ್ಲವನ್ನೂ ಆರಿಸಿ ಮಣೆಯ ಮೇಲೆ ಸಾಲಾಗಿ ಕೂರಿಸಿ ವಿಭೂತಿ, ಕುಂಕುಮ, ಚೆಂಡುಹೂ. ನಮ್ಮ ಮನೆಯಲ್ಲಿ ಅಷ್ಟು ಜನ ಸಾಲಾಗಿ ಕೂತು ಎಷ್ಟು ಕಾಲವಾಗಿತ್ತೋ!

ಹೋಳಿಗೆ ಬೇಯಿಸುತ್ತಿದ್ದೆ. ಗೇಟು ದಡಾರೆಂದಿತು. ಹೊರಗೆ ಮುಮ್ತಾಜ್ ಕೂಗುತ್ತಿದ್ದಳು, “ಯಾಕ್ರೀ ಸರ್, ಏನಾತು? ಅಂಗಿ ತಿರುಗಾಮುರುಗಾ ಹಾಕ್ಕೊಂಡೀರಲ್ಲಾ!”

ಮೈದುನ ಬಾಗಿಲಲ್ಲಿ ನಿಂತಿದ್ದ. ಮೈಯೆಲ್ಲ ಬೆವರು. ಕ್ಯಾಮೆರಾಕ್ಕೆ ವಿಭೂತಿ ಬಳಿದದ್ದು ಗೊತ್ತಾಗಿಹೋಯಿತೆಂದು ನಾನು ಗಾಬರಿಬಿದ್ದೆ.

“ಕಣ್ಣಿಗೆ ಹೋಗಿಲ್ಲಪ್ಪಾ, ಹಣೆಗಷ್ಟೇ ಹಚ್ಚೀನಿ!”

ಅವನು ಹೊಸ್ತಿಲಲ್ಲೇ ಕುಸಿದು ಕೂತ. ನೀರು ಕೊಟ್ಟೆ.

“ನನ್ನ ಫೋನಿನಾಗ ನೋಡ್ತಿದ್ದಂಗ ಒಂದೊಂದೇ ಸುಮ್ಮನಾದ್ವು ಅತ್ತಿಗೆ. ಮೊದಲು ದೇವ್ರ ಮನೆ. ಆಮೇಲೆ ಅಡಿಗೆಮನೆ. ಫೋನ್ ಹಚ್ಚಿದ್ರ ಅದೂ ಸ್ವಿಚ್ ಆಫ್.”

“ಇವತ್ತು ಹಬ್ಬ ಅಂತ ಗೊತ್ತಿಲ್ಲೇನೋ?”

“ರಜೆ ಅಂತ ಗೊತ್ತಿತ್ತು.”

“ಬಾಳೆಕಂಬ ಕಟ್ಟಿದ ಬಸ್ಸಿನಾಗೇ ಬಂದೀಯಲ್ಲೋ ಮಾರಾಯಾ! ಕಳ್ಳರು ಬಂದ್ರು ಅಂದ್ಕೊಂಡೇನು?”

“ಕಳ್ಳರಾಗಿದ್ರ ಹಿಂಗ್ಯಾಕ ಓಡಿ ಬರ್ತಿದ್ದೆ?” ಎಂದ. ನನ್ನನ್ನು ತಲೆಯಿಂದ ಕಾಲಿನವರೆಗೂ ಒಮ್ಮೆ ನೋಡಿದ.

ನಾನು ಒಲೆ ಆರಿಸಿ ಬಂದು ಎದುರಿಗೆ ಕೂತೆ. “ನಿನ್ನ ಪ್ರಯೋಗ ಇನ್ನೂ ಮುಗೀಲಿಲ್ಲೇನು?”

“ಶ್ರಾವಣಕ್ಕೇ ಮುಗೀತು.”

“ಮತ್ತೆ ಇವನ್ನ ಯಾಕ ತಗೊಂಡು ಹೋಗಿಲ್ಲ?”

ಅವನು ಮಣೆಯ ಕಡೆ ನೋಡಿದ. ಚೆಂಡುಹೂವಿನ ನಡುವೆ ಬಲ್ಬು, ಹಣೆಗೆ ಮೂರು ಗೆರೆ ವಿಭೂತಿ ಹಚ್ಚಿಕೊಂಡು ಕೂತಿತ್ತು.

“ನಿಮ್ಮ ದೇವ್ರ ಮನೆ ಬಲ್ಬು ಹತ್ತಿದ ಮ್ಯಾಲೆ ನಾನು ಚಾಕ್ಕ ಇಡೋದು ಅತ್ತಿಗೆ. ಒಬ್ಬನೇ ಕುಡಿದಂಗ ಆಗಂಗಿಲ್ಲ. ನಿಲ್ಲಿಸು ಅಂದ್ರ ಇವತ್ತೇ ಎಲ್ಲಾ ಬಿಚ್ಚಿಕೊಂಡು ಹೋಗ್ತೀನಿ.”

ನಾನು ಬಿಸಿ ಹೋಳಿಗೆಗೆ ತುಪ್ಪ ಸುರಿದು ಕೊಟ್ಟೆ. ಸಂಜೆ ಮಂಗಳಾರತಿ ಮುಗಿಸಿ, ವಿಭೂತಿ ಒರೆಸದೆಯೇ ಬಲ್ಬನ್ನು ಅದರ ಜಾಗದಲ್ಲಿ ನಾನೇ ತಿರುಗಿಸಿ ಕೂರಿಸಿದೆ.

ಈಗಲೂ ಬಂದರೆ “ಪ್ಲಗ್ ಹೆಂಗೈತೆ?” ಎಂದೇ ಕೇಳುತ್ತಾನೆ. “ಮಂಡಿನೋವು ಸ್ವಲ್ಪ ಕಡಿಮೆ ಐತಪ್ಪಾ” ಎನ್ನುತ್ತೇನೆ. ಬೆಳಿಗ್ಗೆ ದೇವರ ಮನೆಯ ಸ್ವಿಚ್ ಒತ್ತಿ ಕೈ ಮುಗಿದು ಒಲೆಯ ಬಳಿ ಬರುತ್ತೇನೆ. ನನ್ನ ಚಹಾ ಮೊದಲೇ ಆಗಿಬಿಡುತ್ತದೆ. ಆದರೂ ಹರಿಹರದಲ್ಲಿ ಹಾಲು ಉಕ್ಕುವಷ್ಟು ಹೊತ್ತು ಕಾದು, ಆಮೇಲೆ ಲೋಟ ಎತ್ತಿಕೊಳ್ಳುತ್ತೇನೆ.