ಲಗ್ನಪತ್ರಿಕೆಯಲ್ಲಿ ಹಚ್ಚಿದ ದೀಪ

ಕಂಪೋಜಿಟರ್ ಮಲ್ಲಪ್ಪ ಎಂದರೆ ಬಸವನ ಬಾಗೇವಾಡಿಯಲ್ಲಿ ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕು ಎಂಬ ಆಸೆ ನನಗೆ ಬಹಳ ಇತ್ತು. ಆ ಆಸೆ ಒಂದೇ ವಾರದಲ್ಲಿ ಈಡೇರಿತು. ಹೂವಿನ ಹಿಪ್ಪರಗಿಯಿಂದ ಹಿಡಿದು ಮುದ್ದೇಬಿಹಾಳದ ಆಚೆ ತಂಗಡಗಿಯವರೆಗೆ ನನ್ನ ಹೆಸರು ಹೋಯಿತು. ಹೇಗೆ ಹೋಯಿತು ಎಂದು ಹೇಳಲು ಸ್ವಲ್ಪ ಧೈರ್ಯ ಬೇಕು. ಈಗ ವಯಸ್ಸಾಗಿದೆ, ಧೈರ್ಯ ಬಂದಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ಬಸ್ಸಿನ ಮೇಲೆ, ಕಚೇರಿಯ ಗೋಡೆಯ ಮೇಲೆ, ಎಲ್ಲೆಲ್ಲೂ ಶಿಸ್ತಿನ ಘೋಷಣೆ ಬರೆಸಿದ್ದ ಕಾಲ. ನಾನು ಕೆಲಸಕ್ಕಿದ್ದದ್ದು ಬಾಗೇವಾಡಿಯ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಕಾಲಿನಿಂದ ತುಳಿಯುವ ಒಂದು ಯಂತ್ರ, ಸೀಸದ ಅಕ್ಷರಗಳು ತುಂಬಿದ ಮರದ ಖಾನೆಗಳು, ನಾನು, ಮತ್ತು ಮಾಲಕರಾದ ವಾಮನರಾಯರು. ಇಷ್ಟೇ ನಮ್ಮ ಸಂಸ್ಥೆ. ರಾಯರಿಗೆ ಶಿಸ್ತನ್ನು ಸರ್ಕಾರ ಕಲಿಸಬೇಕಾಗಿರಲಿಲ್ಲ. ಅವರು ಎಷ್ಟೋ ವರ್ಷ ಮೊದಲೇ ಗೋಡೆಗೆ ಒಂದು ಹಲಗೆ ಹೊಡೆದು ಮೂರು ಸಾಲು ಬರೆಸಿದ್ದರು. ಕಾಪಿಯಲ್ಲಿ ಇದ್ದಂತೆಯೇ ಜೋಡಿಸಬೇಕು. ಗಿರಾಕಿ ಪ್ರೂಫ್ ನೋಡದೆ ಯಂತ್ರ ತುಳಿಯಬಾರದು. ಕೆಲಸ ಮುಗಿದರೂ ಕಾಪಿ ಎಸೆಯಬಾರದು. ಕಾಪಿ ಎಂದರೆ ಗಿರಾಕಿ ಕೈಯಲ್ಲಿ ಬರೆದು ತರುವ ಕಾಗದ. ಅದನ್ನು ರಾಯರು ಒಂದು ತಂತಿಗೆ ಚುಚ್ಚಿ ಇಡುತ್ತಿದ್ದರು. ವರ್ಷಗಟ್ಟಲೆ ಹಳೆಯ ಕಾಪಿಗಳು ಆ ತಂತಿಯಲ್ಲಿ ತೂಗಾಡುತ್ತಿದ್ದವು.

ನನಗೆ ಆಗ ಇಪ್ಪತ್ತಮೂರು ವರ್ಷ. ನಾನು ಕಲಾವಿದ ಎಂಬುದು ನನಗೆ ಖಾತ್ರಿಯಾಗಿತ್ತು. ಏಳನೆಯ ಇಯತ್ತೆಯಲ್ಲಿ ನಾನು ತೆಗೆದ ನವಿಲನ್ನು ಮಾಸ್ತರರು ಗೋಡೆಗೆ ಹಚ್ಚಿದ್ದರು. ಅಂಥವನು ದಿನವಿಡೀ ಯಾರೋ ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ಜೋಡಿಸುತ್ತ ಕೂರುವುದೆಂದರೆ ಏನು! ಒಂದು ದಿನ ತಡೆಯಲಾರದೆ ರಾಯರನ್ನು ಕೇಳಿಯೇಬಿಟ್ಟೆ.

“ಮಾಲಕ್ರ, ಒಮ್ಮೆರೆ ನನ್ನ ಮನಸಿಗೆ ಬಂದಂಗ ಜೋಡಿಸಾಕ ಬಿಡ್ರಿ.”

ರಾಯರು ಕನ್ನಡಕದ ಮೇಲಿನಿಂದ ನೋಡಿ, “ನಿನ್ನ ಲಗ್ನಪತ್ರಿಕಾ ಬಂದಾಗ ಹಂಗ ಮಾಡ್ಕೋ,” ಎಂದರು. ನನಗೆ ಹೆಣ್ಣು ನೋಡುವವರು ಇನ್ನೂ ಯಾರೂ ಹುಟ್ಟಿರಲಿಲ್ಲ.

ಹೀಗಿರುವಾಗ ರಾಯರು ಕಾಗದ ತರಲು ಮೂರು ದಿನ ವಿಜಾಪುರಕ್ಕೆ ಹೋದರು. ಪ್ರೆಸ್ಸು ನನ್ನ ಕೈಗೆ ಬಂತು. ಅದೇ ದಿನ ಹೂವಿನ ಹಿಪ್ಪರಗಿಯ ಸಂಗಪ್ಪ ಮಾಸ್ತರರು ಮಗಳ ಲಗ್ನಪತ್ರಿಕೆಯ ಕಾಪಿ ತಂದರು. ಲಗ್ನಕ್ಕೆ ಎರಡು ವಾರವಿತ್ತು. ಕಾಪಿ ನೋಡಿ ನನಗೆ ಮರುಕ ಹುಟ್ಟಿತು. ಸಾಲಿ ಕಲಿಸುವ ಮಾಸ್ತರ, ಆದರೂ ಎಷ್ಟೊಂದು ಹೊಡೆದು ಬರೆದಿದ್ದರು! ಒಂದು ಹೆಸರಿನ ಮೇಲೆ ಗೆರೆ, ಅದೇ ಹೆಸರು ಮತ್ತೆ ಕೆಳಗೆ, ಅಲ್ಲಿಂದ ಬಾಣ, ಬಾಣದ ಮೇಲೆ ಇನ್ನೊಂದು ಗೆರೆ. ಬಡಪಾಯಿ ಕಾಗದ ಒಬ್ಬ ಕಲಾವಿದನ ಕೈಗಾಗಿ ಕಾಯುತ್ತಿದೆ ಎಂದು ನನಗೆ ಅನಿಸಿತು.

ಪ್ರೂಫ್ ನೋಡಲು ಯಾವಾಗ ಬರಲಿ ಎಂದು ಮಾಸ್ತರರು ಕೇಳಿದರು. ಸುಮ್ಮನೆ ಹಿಪ್ಪರಗಿಯಿಂದ ಯಾಕೆ ಓಡಾಡುತ್ತೀರಿ, ನಾನಿದ್ದೇನಲ್ಲ ಎಂದೆ. ಅವರು ಅಳುಕಿನಿಂದಲೇ ಹೋದರು. ಇದು ನನ್ನ ಮೊದಲ ತಪ್ಪು. ಆಗ ಅದು ನನಗೆ ಉಪಕಾರದಂತೆ ಕಂಡಿತ್ತು.

ಪತ್ರಿಕೆಯ ಮೇಲ್ಭಾಗವನ್ನು ಇದ್ದಂತೆಯೇ ಜೋಡಿಸಿದೆ. ಕೊನೆಗೆ ನೆಂಟರ ಹೆಸರುಗಳ ಪಟ್ಟಿ ಬಂತು. ಹೆಸರುಗಳನ್ನು ಒಂದರ ಕೆಳಗೊಂದು ಇಟ್ಟರೆ ಗೋಣಿಚೀಲ ಪೇರಿಸಿದಂತೆ ಕಾಣುತ್ತದೆ. ನನಗೊಂದು ಯೋಚನೆ ಹೊಳೆಯಿತು. ಗಿಡ್ಡ ಹೆಸರು, ಉದ್ದ ಹೆಸರು ಆರಿಸಿ ಇಟ್ಟರೆ ಒಂದು ಹಿತ್ತಾಳೆ ದೀಪದ ಆಕಾರವೇ ಬರುತ್ತದೆ! ತುದಿಗೆ ಉರಿಯಂತೆ ಒಂದು ಪುಟ್ಟ ಹೆಸರು ಬೇಕಿತ್ತು. “ಶ್ರೀ ಈರಪ್ಪ” ಸಿಕ್ಕಿತು. ಅದರ ಕೆಳಗೆ ಎಣ್ಣೆಯ ಬಟ್ಟಲಿಗೆ ಸ್ವಲ್ಪ ಅಗಲದ ಹೆಸರು. ಕಂಬಕ್ಕೆ ನಾಲ್ಕು ಗಿಡ್ಡ ಹೆಸರುಗಳು. ಎಲ್ಲಕ್ಕಿಂತ ತಳದಲ್ಲಿ ಪೀಠ. ಅದಕ್ಕೆ ಇಡೀ ಪಟ್ಟಿಯಲ್ಲೇ ಉದ್ದವಾದ ಹೆಸರು ಹುಡುಕಿದೆ. “ಶ್ರೀ ಚನ್ನಮಲ್ಲಪ್ಪ ತಂದೆ ಗುರುಲಿಂಗಪ್ಪ, ತಂಗಡಗಿ.” ಕಾಪಿಯಲ್ಲಿ ಈ ಹೆಸರು ಮೊಟ್ಟಮೊದಲು ಇತ್ತು. ಆದರೆ ಪೀಠ ಮೇಲಿದ್ದ ದೀಪವನ್ನು ಯಾರಾದರೂ ಕಂಡಿದ್ದಾರೆಯೇ?

ಇನ್ನೂರು ಪತ್ರಿಕೆ ತುಳಿದೆ. ಮೈ ಬೆವರಿತು, ಮನಸ್ಸು ಹೂವಾಯಿತು. ಮರುದಿನ ಮಾಸ್ತರರು ಬಂದಾಗ ಅವರ ಬಸ್ಸು ಹೊರಡುವುದರಲ್ಲಿತ್ತು. ಮೇಲಿನ ಪತ್ರಿಕೆಯ ತಲೆಯ ಮೇಲಿದ್ದ ಬಸವಣ್ಣನ ಚಿತ್ರಕ್ಕೆ ಕೈಮುಗಿದು, ಕಟ್ಟು ಬಗಲಿಗೆ ಹಾಕಿಕೊಂಡು ಓಡಿದರು. ಮನೆಯಲ್ಲಿ ಹೆಣ್ಣುಮಕ್ಕಳು ಪತ್ರಿಕೆಗಳ ಮೂಲೆಗೆ ಅರಿಷಿಣ ಹಚ್ಚಿದರು. ಅದೇ ವಾರ ಪತ್ರಿಕೆಗಳು ಊರೂರಿಗೆ ಹೋದವು.

ರಾಯರು ವಿಜಾಪುರದಿಂದ ಬಂದವರು ಮೇಜಿನ ಮೇಲಿದ್ದ ಒಂದು ಪತ್ರಿಕೆಯನ್ನು ಎತ್ತಿಕೊಂಡರು. ಹೊಗಳಿಕೆಗಾಗಿ ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಎದ್ದು ತಂತಿಯಲ್ಲಿದ್ದ ಕಾಪಿ ನೋಡಿದರು. ಮತ್ತೆ ಪತ್ರಿಕೆ ನೋಡಿದರು.

“ಮಾಸ್ತರು ಪ್ರೂಫ್ ನೋಡ್ಯಾರೇನು?”

ನೋಡಿದ್ದರೆ ಇನ್ನಷ್ಟು ಖುಷಿಪಡುತ್ತಿದ್ದರು ಎಂದೆ. ರಾಯರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು ಕೂತುಬಿಟ್ಟರು. ಅವರು ಬೈದಿದ್ದರೆ ನನಗೆ ಒಳ್ಳೆಯದಿತ್ತು.

ನಾಲ್ಕೈದು ದಿನಕ್ಕೆ ಮಾಸ್ತರರು ಬಂದರು. ಕೈಯಲ್ಲಿ ಒಂದೇ ಒಂದು ಪತ್ರಿಕೆ, ಅರಿಷಿಣ ಹಚ್ಚಿದ್ದು. ತಂಗಡಗಿಯಿಂದ ಅದು ವಾಪಸು ಬಂದಿತ್ತು. ಅರಿಷಿಣ ಹಚ್ಚಿದ ಪತ್ರಿಕೆಯನ್ನು ನಮ್ಮ ಕಡೆ ಯಾರೂ ಹಿಂದಕ್ಕೆ ಕಳಿಸುವುದಿಲ್ಲ. ಕಳಿಸಿದರೆ ನಂಟು ಮುಗಿಯಿತು ಎಂದೇ ಅರ್ಥ.

ಆಗ ನನಗೆ ವಿಷಯ ತಿಳಿಯಿತು. ಚನ್ನಮಲ್ಲಪ್ಪ ಮತ್ತು ಈರಪ್ಪ ಇಬ್ಬರೂ ಮಾಸ್ತರರ ಹೆಂಡತಿಯ ಒಡಹುಟ್ಟಿದವರು, ಮದುಮಗಳ ಸೋದರಮಾವಂದಿರು. ದೊಡ್ಡವರು ಚನ್ನಮಲ್ಲಪ್ಪ. ಹೊಲದ ಬದುವಿನ ಸಲುವಾಗಿ ಅಣ್ಣತಮ್ಮಂದಿರ ನಡುವೆ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಮಾಸ್ತರರು ಇಬ್ಬರ ಕಾಲಿಗೂ ಬಿದ್ದು ಲಗ್ನಕ್ಕೆ ಒಪ್ಪಿಸಿದ್ದರು. ಅಕ್ಷತೆಯ ಅಕ್ಕಿಕಾಳು ಬೀಳುವಾಗ ಮದುಮಗಳ ಬೆನ್ನ ಹಿಂದೆ ದೊಡ್ಡ ಮಾವ ನಿಲ್ಲಬೇಕೆಂದು ಮಾತಾಗಿತ್ತು. ಅಂಥ ದೊಡ್ಡ ಮಾವನನ್ನು ನಾನು ತಮ್ಮನ ಕಾಲ ಕೆಳಗೆ, ಕಟ್ಟಕಡೆಯಲ್ಲಿ, ಪೀಠವಾಗಿ ಇಟ್ಟಿದ್ದೆ. ಅವರಿಗೆ ಗೌರವ ಹೆಚ್ಚಾಗಲಿ ಎಂದು ಮಾಸ್ತರರು ತಂದೆಯ ಹೆಸರು ಸೇರಿಸಿ ಉದ್ದ ಮಾಡಿದ್ದರು. ಆ ಉದ್ದವೇ ಅವರನ್ನು ತಳಕ್ಕೆ ಇಳಿಸಿತ್ತು.

“ಎಂಟು ದಿನ ಕುಂತು ಬರದಿದ್ನೋ ತಮ್ಮಾ,” ಎಂದರು ಮಾಸ್ತರರು. “ಅವರಿಲ್ಲದ ಲಗ್ನ ಹ್ಯಾಂಗ ಮಾಡ್ಲಿ? ನಮ್ಮನಿಯಾಕಿ ತವರಮನಿ ಬಾಗಿಲಾ ಮುಚ್ಚಿತಂತ ಉಣ್ಣೂದ ಬಿಟ್ಟು ಕುಂತಾಳ.”

ಲಗ್ನಕ್ಕೆ ಆರು ದಿನ ಉಳಿದಿದ್ದವು. ನನಗೆ ನಾಚಿಕೆಯಾಯಿತು. ಕಲಾವಿದನಿಗೆ ಆಗುವಂಥ ದೊಡ್ಡ ನಾಚಿಕೆಯಲ್ಲ, ಗಾಜಿನ ಲೋಟ ಒಡೆದ ಹುಡುಗನಿಗೆ ಆಗುವಂಥದ್ದು.

ರಾಯರು ತಾವೇ ಕೂತು ಪತ್ರಿಕೆಯನ್ನು ಕಾಪಿಯಂತೆ ಮತ್ತೆ ಜೋಡಿಸಿದರು. ಮಾಸ್ತರರಿಗೆ ಪ್ರೂಫ್ ತೋರಿಸಿದರು. ಹೊಸ ಪತ್ರಿಕೆಗಳ ಒಂದು ಲಕೋಟೆ ಮಾಡಿ ನನ್ನ ಕೈಯಲ್ಲಿಟ್ಟರು.

“ನಾಳೆ ಮುಂಜಾನೆ ತಂಗಡಗಿಗೆ ನೀನೇ ಹೋಗು. ತಪ್ಪು ನಂದು ಅನ್ನು, ಇದನ್ನ ಅವರ ಕೈಯಾಗ ಕೊಡು. ಎರಡೇ ಶಬ್ದ. ಮೂರನೇದು ಆಡಬ್ಯಾಡ.”

ಹೂಂ ಎಂದೆ. ನಿಡಗುಂದಿಯಲ್ಲಿ ಬಸ್ಸು ಇಳಿಯುವಷ್ಟರಲ್ಲಿ ಎರಡು ಶಬ್ದ ಹತ್ತಾಗಿದ್ದವು. ಮುದ್ದೇಬಿಹಾಳದಲ್ಲಿ ಇನ್ನೊಂದು ಬಸ್ಸು ಹತ್ತುವಾಗ ಅದು ಪೂರ್ಣ ಪ್ರಮಾಣದ ಭಾಷಣವಾಗಿತ್ತು. ಜನ ಸಿಟ್ಟಾಗಿರುವುದು ಕಲೆ ತಿಳಿಯದ್ದರಿಂದ, ತಿಳಿಸಿ ಹೇಳಿದರೆ ಸರಿಹೋಗುತ್ತದೆ ಎಂದು ಯಾವ ಅಶರೀರವಾಣಿ ನನಗೆ ಹೇಳಿತೋ ಕಾಣೆ.

ಚನ್ನಮಲ್ಲಪ್ಪನವರು ಮನೆಯ ಮುಂದಿನ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತ ಕೂತಿದ್ದರು. ಒಳ್ಳೆಯ ಭಾರದ ಆಳು. ನಾನು ಪ್ರೆಸ್ಸಿನವನು ಎಂದು ಹೇಳಿಕೊಂಡೆ. ಬಾ ಅನ್ನಲಿಲ್ಲ, ನೀರು ಕೇಳಲಿಲ್ಲ.

“ತಪ್ಪು ನಂದ್ರಿ,” ಎಂದೆ.

ಅವರ ಕೈ ನಿಂತಿತು. ತಲೆ ಎತ್ತಿ ನೋಡಿದರು. ನಾನು ಅಲ್ಲಿಗೇ ನಿಲ್ಲಿಸಿದ್ದರೆ ಕೆಲಸ ಮುಗಿಯುತ್ತಿತ್ತು ಎಂದು ಈಗಲೂ ಅನಿಸುತ್ತದೆ. ನಾನು ನಿಲ್ಲಿಸಲಿಲ್ಲ. ಬೆರಳಿನಿಂದ ಗಾಳಿಯಲ್ಲಿ ದೀಪ ಬರೆದು ತೋರಿಸಿದೆ. ಇದು ಉರಿ, ಇದು ಬಟ್ಟಲು, ಇದು ಕಂಬ. ತಾವು ಪೀಠ. ಪೀಠವಿಲ್ಲದೆ ದೀಪ ನಿಲ್ಲುವುದುಂಟೇ?

ಚನ್ನಮಲ್ಲಪ್ಪನವರು ಪೂರ್ತಿ ಕೇಳಿಸಿಕೊಂಡರು.

“ಹಂಗಂದ್ರ ಅಂವಾ ನನ್ನ ತಲಿ ಮ್ಯಾಲ ಉರಿಯಾಂವ,” ಎಂದರು. “ನಾ ತಳದಾಗ ಕುಂತು ಸೋರಿದ ಎಣ್ಣಿ ಒರಸ್ಕೋತ ಇರಬೇಕು. ಹೌದಿಲ್ಲೋ?”

ದೀಪದಲ್ಲಿ ಎಲ್ಲಕ್ಕಿಂತ ತೂಕ ಇರುವುದು ಪೀಠಕ್ಕೇ ಎಂದುಬಿಟ್ಟೆ. ಒಳಗಿನಿಂದ ಅವರ ಹೆಂಡತಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಚನ್ನಮಲ್ಲಪ್ಪನವರ ಮುಖ ಕೆಂಪಾಯಿತು. ಹಗ್ಗ ಕೆಳಗಿಟ್ಟು ಎದ್ದು ನಿಂತರು. ತಂಗಡಗಿಯಿಂದ ಯಾರೂ ಬರುವುದಿಲ್ಲ ಎಂದು ಹೋಗಿ ಹೇಳು ಎಂದರು. ನನ್ನ ಕಲಾವಿವರಣೆಯಿಂದ, ಮೊದಲು ಅವರೊಬ್ಬರೇ ಬರುವಂತಿರಲಿಲ್ಲ, ಈಗ ಇಡೀ ಮನೆಯೇ ಬರದಂತಾಯಿತು!

ಇನ್ನು ಮಾಡಲು ಉಳಿದದ್ದು ಲಕೋಟೆ ಕೊಡುವುದೊಂದೇ. ಕೊಟ್ಟೆ. ಅವರು ಬೇಸರದಿಂದಲೇ ಬಿಚ್ಚಿದರು. ಹೊಸ ಪತ್ರಿಕೆಗಳ ನಡುವಿನಿಂದ ಮಡಚಿದ ಒಂದು ಕಾಗದ ಬಿತ್ತು. ನಡುವೆ ತಂತಿ ಚುಚ್ಚಿದ ತೂತು. ಅದು ಮಾಸ್ತರರ ಕಾಪಿ. ರಾಯರು ನನಗೆ ಹೇಳದೆ ಅದನ್ನು ಒಳಗೆ ಇಟ್ಟಿದ್ದರು.

ಚನ್ನಮಲ್ಲಪ್ಪನವರು ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ನಾನೂ ಅವರ ತೋಳಿನ ಪಕ್ಕದಿಂದ, ಮೊದಲ ಸಲ, ಓದಿದೆ. ಎಲ್ಲಕ್ಕಿಂತ ಮೇಲೆ ಅವರ ಹೆಸರು. ಕೆಳಗೇ ಈರಪ್ಪನ ಹೆಸರು ಬರೆದು ಹೊಡೆದಿತ್ತು. ಒತ್ತೊತ್ತಿಗೆ ಇದ್ದರೆ ಇಬ್ಬರಿಗೂ ಸರಿಬರಲಿಕ್ಕಿಲ್ಲ ಎಂದು ನಡುವೆ ಒಬ್ಬ ಹಿರಿಯರ ಹೆಸರು ತಂದು ಕೂರಿಸಿದ್ದರು. ಆ ಹಿರಿಯರನ್ನು ಒಮ್ಮೆ ತೆಗೆದು ಮತ್ತೆ ಸೇರಿಸಿದ್ದರು. ಅಂಚಿನಲ್ಲಿ ಬೇರೆ ಮಸಿಯಲ್ಲಿ ಸಣ್ಣಗೆ ಬರೆದಿತ್ತು: ದೊಡ್ಡವರ ತಂದೆಯ ಹೆಸರು ಬಿಡಬಾರದು.

ಅವರ ಬೆರಳು ಆ ಸಾಲಿನ ಮೇಲೆ ಬಹಳ ಹೊತ್ತು ನಿಂತಿತು.

“ಮಾಸ್ತರ ಭಾಳ ತ್ರಾಸು ತಗೊಂಡಾನ,” ಎಂದರು. ಕಾಗದ ಮಡಚಿ ಒಳಗೆ ತಿರುಗಿ, “ಈ ದೀಪದಾಂವಗ ನೀರು ಕೊಡ್ರಿ. ಚಾ ಇಡ್ರಿ,” ಎಂದರು.

ಚಹಾ ಕುಡಿದು ಹೊರಟೆ. ಒಂದು ಮಾತೂ ಆಡಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ನನಗೆ ಆ ಕಾಗದವೇ ಕಣ್ಣ ಮುಂದೆ. ನಾನು ಗೀಚಾಟ ಎಂದುಕೊಂಡದ್ದನ್ನು ಮಾಸ್ತರರು ಎಂಟು ದಿನ ಕೂತು ಕಟ್ಟಿದ್ದರು. ಯಾರ ಪಕ್ಕ ಯಾರು, ಯಾರ ನಡುವೆ ಯಾರು, ಯಾವ ಹೆಸರಿಗೆ ಎಷ್ಟು ಉದ್ದ ಎಂದು ಒಂದೊಂದನ್ನೂ ತೂಗಿ ಇಟ್ಟಿದ್ದರು. ನನ್ನ ದೀಪಕ್ಕೆ ಹಿಡಿದದ್ದು ಅರ್ಧ ತಾಸು. ಜೋಡಿಸುವ ಕೆಲಸ ಅವರು ಮೊದಲೇ ಮುಗಿಸಿದ್ದರು, ನಾನು ಅದನ್ನು ಚೆಲ್ಲಾಪಿಲ್ಲಿ ಮಾಡಿ ಕಲೆ ಎಂದು ಕರೆದಿದ್ದೆ.

ಲಗ್ನ ಆಯಿತು. ಮದುಮಗಳ ಬೆನ್ನ ಹಿಂದೆ ಚನ್ನಮಲ್ಲಪ್ಪನವರು ನಿಂತರು. ಈರಪ್ಪ ಹಂದರದ ಇನ್ನೊಂದು ತುದಿಯಲ್ಲಿ ನಿಂತ. ಇಬ್ಬರೂ ಮಾತಾಡಲಿಲ್ಲ, ಆದರೆ ಇಬ್ಬರೂ ಉಂಡರು. ನನಗೆ ಮಾತ್ರ “ದೀಪದ ಮಲ್ಲಪ್ಪ” ಎಂಬ ಹೆಸರು ಕಾಯಂ ಆಯಿತು.

ಅಂದಿನಿಂದ ನಾನು ಪೂರ್ತಿ ಬದಲಾದೆ. ಕಾಪಿಯಲ್ಲಿ ಇದ್ದದ್ದು ಇದ್ದಂತೆ. ಒಂದು ಚುಕ್ಕೆ ಆಚೆ ಈಚೆ ಇಲ್ಲ. ಹಲಗೆಯ ಮೇಲಿನ ಮೂರು ಸಾಲು ನನಗೆ ಮಂತ್ರವಾದವು. ಮೂರು ವರ್ಷಕ್ಕೆ ನನ್ನದೇ ಲಗ್ನ ಗೊತ್ತಾಯಿತು. ಸಿಂದಗಿ ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಕಾಪಿ ಬರೆದು ತಂದ. ರಾಯರು ನಕ್ಕು, ಈಗ ನಿನ್ನ ಮನಸ್ಸಿಗೆ ಬಂದಂತೆ ಜೋಡಿಸಿಕೋ ಎಂದರು. ನಾನು ಮರುಳಾಗಲಿಲ್ಲ. ಅಕ್ಷರಕ್ಕೆ ಅಕ್ಷರ ಕಾಪಿಯಂತೆಯೇ ಜೋಡಿಸಿದೆ. ನಡುವೆ ಒಂದು ಕಡೆ ಕೈ ತಡೆಯಿತು. ಬೇಕೋ ಬೇಡವೋ ಎಂದು ಒಂದು ಕ್ಷಣ ನೋಡಿ, ಮನಸ್ಸು ಗಟ್ಟಿ ಮಾಡಿ ಮುಂದೆ ಹೋದೆ. ಇದೇ ನಿಜವಾದ ಶಿಸ್ತು ಎಂದು ಹೆಮ್ಮೆಯೂ ಆಯಿತು.

ರಾಯರು ಪ್ರೂಫ್ ಓದಿದರು. ಇನ್ನೊಮ್ಮೆ ಓದಿದರು.

“ಮಲ್ಲಪ್ಪ, ಲಗ್ನ ಎಲ್ಲಿ?”

“ನಮ್ಮೂರಾಗ್ರಿ, ಮನಿ ಮುಂದ.”

“ಇದರಾಗ ಎಲ್ಲಿ ಅದ?”

“ಕಾಪಿಯೊಳಗ ಬರದಿಲ್ರಿ.”

“ಬರದಿಲ್ಲಂತ ನಿನಗ ಗೊತ್ತಾಗಿತ್ತೇನು?”

“ಗೊತ್ತಾಗಿತ್ರಿ.”

ರಾಯರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿಕೊಂಡರು. ಸಿಟ್ಟಿರಲಿಲ್ಲ, ದಣಿವಿತ್ತು.

“ಬದಲ್ ಮಾಡಬ್ಯಾಡ ಅಂದಿದ್ದೆ,” ಎಂದರು. “ಕೇಳಬ್ಯಾಡ ಅಂದಿದ್ದಿಲ್ಲ.”

ಕಾಪಿ ಬರೆದ ನಮ್ಮಪ್ಪ ಆಗ ನನ್ನಿಂದ ಎರಡು ಮಾರು ದೂರದ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ.