ವೆಂಡೆಲ್‌ನ ಆರು ಅಂಕಗಳು

"ಈ ಸಲ ದಾಳ ಉರುಳಿಸೋದು ಬೇಡ" ಎಂದು ಡ್ವೇನ್ ಬಾಯಿ ಬಿಟ್ಟದ್ದೇ ಅನಾಹುತಕ್ಕೆಲ್ಲ ಮೂಲ.

ವಿಸ್ಕಾನ್ಸಿನ್‌ನ ಆ ಪುಟ್ಟ ಊರಿನಲ್ಲಿ, ಡ್ವೇನ್‌ನ ಮನೆಯ ನೆಲಮಾಳಿಗೆಯಲ್ಲಿ, ಇಪ್ಪತ್ತೆರಡು ವರ್ಷಗಳಿಂದ ಶನಿವಾರ ಮಧ್ಯಾಹ್ನದ ಆಟ ತಪ್ಪಿದ್ದಿಲ್ಲ. ಡ್ವೇನ್ ಕತೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಗುಹೆ ಹೊಕ್ಕು, ರಾಕ್ಷಸರೊಡನೆ ಬಡಿದಾಡಿ, ಐದು ಗಂಟೆಗೆ ಮನೆಗೆ ಹೋಗುತ್ತಾರೆ. ಹೊಸ ಪಾತ್ರಕ್ಕೆ ಮೊದಲು ಮೂರು ದಾಳ ಉರುಳಿಸಿ ಶಕ್ತಿ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಆಕರ್ಷಣೆ ಎಂಬ ಆರಕ್ಕೂ ಅಂಕ ಬರೆದುಕೊಳ್ಳಬೇಕು. ಮೂರು ಬಿದ್ದರೆ ಕೆಲಸಕ್ಕೆ ಬಾರದವನು, ಹದಿನೆಂಟು ಬಿದ್ದರೆ ಹುಲಿ.

"ಈ ಸಲ ನಾವು ನಾವೇ ಪಾತ್ರ" ಎಂದ ಡ್ವೇನ್. "ಒಬ್ಬರ ಅಂಕ ಉಳಿದವರು ಹೇಳ್ಬೇಕು. ಒಪ್ಪಿಗೆ ಆಗ್ದಿದ್ರೆ ಸಾಬೀತು ಮಾಡಿ ತೋರಿಸ್ಲಿ. ವೆಂಡೆಲ್, ನೀನೇ ಮೊದಲು."

ಬೇರೆ ದಿನವಾಗಿದ್ದರೆ ವೆಂಡೆಲ್ ನಕ್ಕುಬಿಡುತ್ತಿದ್ದ. ಆದರೆ ಎದುರಿಗೆ ಪೆನ್ಸಿಲು ಹಿಡಿದು ಅಂಕ ಬರೆಯಲು ಕುಳಿತವಳು ಮಾರ್ಲಿಸ್, ಅವನ ಹೆಂಡತಿ. ಮೂರು ವಾರದ ಹಿಂದೆ ಈ ಮಹಾನುಭಾವ, ಊರೆಲ್ಲ ಬೇಡವೆಂದರೂ ಕೇಳದೆ, ಮಾರ್ಚ್ ತಿಂಗಳ ಬಿಸಿಲಿನಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಪಿಕಪ್ ಓಡಿಸಿಕೊಂಡು ಮೀನು ಹಿಡಿಯಲು ಹೋಗಿದ್ದ. ಮಂಜುಗಡ್ಡೆ ಬಿರಿದು ಗಾಡಿ ತಳ ಸೇರಿತು. ಇವನು ಹೇಗೋ ಈಜಿ ಬಂದ. ಗಾಡಿಯಲ್ಲಿದ್ದ ಮಾರ್ಲಿಸ್‌ಳ ಸತ್ತುಹೋದ ಅಮ್ಮನ ಹೊಲಿಗೆ ಯಂತ್ರ ಬರಲಿಲ್ಲ. ರಿಪೇರಿಗೆ ಕೊಟ್ಟು ಬಾ ಎಂದು ಅವಳು ಹೇಳಿ ಹತ್ತು ದಿನವಾಗಿತ್ತು.

ಅಂದೇ ಅವಳು ತಂಗಿಯ ಮನೆ ಸೇರಿದಳು. "ಬರ್ತೀನೋ ಇಲ್ವೋ ನಾಳೆ ಆಟದ ಹೊತ್ತಿಗೆ ಹೇಳ್ತೀನಿ" ಎಂದು ನಿನ್ನೆ ಫೋನಿನಲ್ಲಿ ಹೇಳಿದ್ದಳು. ಅವಳಿಲ್ಲದೆ ವೆಂಡೆಲ್‌ಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ತಾನು ಗಂಡಸು ಅನ್ನಿಸಿಕೊಂಡರೆ ಅವಳು ಬರುತ್ತಾಳೆ, ಇಲ್ಲಿ ಮಾನ ಹೋದರೆ ಅವಳೂ ಹೋದಳು ಎಂದು ಅವನು ಗಟ್ಟಿಯಾಗಿ ನಂಬಿದ್ದ.

"ಶಕ್ತಿ" ಎಂದ ಡ್ವೇನ್.

"ಐದು" ಎಂದಳು ಅಂಚೆ ಕಚೇರಿಯ ಲವೋನ್. "ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತೆಗೆಯೋಕೂ ಮಾರ್ಲಿಸ್ ಬೇಕು ಇವನಿಗೆ. ಪಾಪ, ಈಗ ಯಾರು ತೆಗೀತಾರೋ!"

"ಏನಂದೆ?" ಎಂದು ವೆಂಡೆಲ್ ಎದ್ದವನೇ, ಮೂಲೆಯಲ್ಲಿ ಜಿಂಕೆ ಮಾಂಸ ತುಂಬಿಟ್ಟಿದ್ದ ಫ್ರೀಜರನ್ನು ತಬ್ಬಿ ಒಂದು ಗೇಣು ಎತ್ತಿಬಿಟ್ಟ. ಸೊಂಟದಲ್ಲಿ ಏನೋ ಲಟಕ್ಕೆಂದಿತು. ಡ್ವೇನ್ ಮುಖ ಹುಳ್ಳಗೆ ಮಾಡಿಕೊಂಡು "ಹದಿಮೂರು" ಎಂದ. ಮನೆಗೆ ಬೆಂಕಿ ಬಿದ್ದರೂ ಅಂಕದಲ್ಲಿ ಮೋಸ ಮಾಡುವವನಲ್ಲ ಅವನು.

ಚುರುಕಿಗೆ ಜಗಳವಾಡಿ ಒಂಬತ್ತು ಗಿಟ್ಟಿಸಿಕೊಂಡ.

"ತಾಳಿಕೆ ನಾಲ್ಕು" ಎಂದ ಡ್ವೇನ್. "ಹೋದ ವರ್ಷ ನೆಗಡಿ ಬಂದು ಹನ್ನೊಂದು ದಿನ ಮಲಗಿದ್ದ. ಮಾರ್ಲಿಸ್ ಸೂಪ್ ಕುಡಿಸದೇ ಇದ್ದಿದ್ರೆ ಇವತ್ತು ನಾವು ಸಮಾಧಿಗೆ ಹೂ ಇಡ್ತಿದ್ವಿ."

"ನೋಡ್ತಿರು!" ವೆಂಡೆಲ್ ಬೂಟು, ಕಾಲುಚೀಲ ಕಿತ್ತೆಸೆದು ಮೆಟ್ಟಿಲು ಹತ್ತಿ ಹೋಗಿ, ಹಿತ್ತಲಿನ ಹಿಮದಲ್ಲಿ ಬರಿಗಾಲಲ್ಲಿ ಹತ್ತು ನಿಮಿಷ ನಿಂತ. ಕಿಟಕಿಯಿಂದ ಮಾರ್ಲಿಸ್ ನೋಡುತ್ತಿದ್ದಾಳೆಂದು ಮತ್ತೆರಡು ನಿಮಿಷ ನಿಂತ. ಬಂದು ಕುಳಿತಾಗ ಕಾಲ್ಬೆರಳು ನೇರಳೆಹಣ್ಣಿನ ಬಣ್ಣ. ಲವೋನ್ ಮೇಜಿನ ಕೆಳಗೆ ಅವನ ಪಾದವನ್ನು ಜೋರಾಗಿ ತುಳಿದಳು. ಜೋಮು ಹಿಡಿದ ಪಾದಕ್ಕೆ ಅದು ಗೊತ್ತೇ ಆಗಲಿಲ್ಲ.

"ಹದಿನೈದು" ಎಂದು ಡ್ವೇನ್ ನಿಟ್ಟುಸಿರುಬಿಟ್ಟ.

ಬುದ್ಧಿಯ ಸರದಿಗೆ ಲವೋನ್ ಕೈಮುಗಿದು ಬೇಡಿಕೊಳ್ಳುವುದೊಂದು ಬಾಕಿ. "ನಾಲ್ಕು ಕಣೋ! ಬಟ್ಟೆ ಒಗೆಯೋ ಮೆಷಿನ್ ಯಾವ ಕಡೆಯಿಂದ ತೆಗೀಬೇಕು ಅಂತ ಗೊತ್ತಾ ನಿಂಗೆ? ಒಪ್ಕೊಂಡ್ಬಿಡೋ!"

"ಈ ಅಂಗಿ ಒಗೆದು ಇಸ್ತ್ರಿ ಮಾಡಿದ್ದು ಯಾರು ಅಂದ್ಕೊಂಡೆ? ನಾನು! ಅಡುಗೆ ನಾನೇ, ಪಾತ್ರೆ ನಾನೇ. ಹೋದ ವಾರ ಜ್ವರ ಬಂದಿತ್ತು, ಯಾರನ್ನಾದ್ರೂ ಕರೆದ್ನಾ?"

ಅದು ಬೆಳಿಗ್ಗೆಯಷ್ಟೇ ಅಂಗಡಿಯಿಂದ ತಂದ ಹೊಸ ಅಂಗಿ. ಅಡುಗೆಯೆಲ್ಲ ಡಬ್ಬಿಯದು. ಜ್ವರದಲ್ಲಿ ಅವನು ಮಾರ್ಲಿಸ್‌ಳ ದಿಂಬನ್ನು ತಬ್ಬಿಕೊಂಡು ಎರಡು ದಿನ ಅತ್ತಿದ್ದ. ಅದನ್ನೆಲ್ಲ ಯಾವ ಗಂಡಸು ಹೇಳುತ್ತಾನೆ?

ಮಾರ್ಲಿಸ್ ತಲೆಯೆತ್ತಿ ಕಾಲರನ್ನೇ ನೋಡಿದಳು. "ಚೆನ್ನಾಗಿ ಬಂದಿದೆ" ಎಂದಳು. ಮೂರು ವಾರದಲ್ಲಿ ಮೊದಲ ಒಳ್ಳೆಯ ಮಾತು! ವೆಂಡೆಲ್ ಅಲ್ಲೇ ಅರ್ಧ ಗೆದ್ದ. ಡ್ವೇನ್ ಹದಿನಾಲ್ಕು ಕೊಟ್ಟ.

ವಿವೇಕದ ಸರದಿ ಬಂತು. "ಮೂರು" ಎಂದು ವೆಂಡೆಲ್ ತಾನೇ ಹೇಳಿಕೊಂಡ. ಅದರ ಸಾಬೀತು ಕೆರೆಯ ತಳದಲ್ಲಿತ್ತು. ಆಕರ್ಷಣೆಗೆ ಎಂಟು ಸಿಕ್ಕಿತು.

ಮಾರ್ಲಿಸ್ ಕೂಡಿಸಿದಳು. "ಅರವತ್ತೆರಡು. ಸಾಧಾರಣ ಮನುಷ್ಯನಿಗಿಂತ ಒಂದೇ ಕಮ್ಮಿ." ಕನ್ನಡಕ ತೆಗೆದು ಒರೆಸಿಕೊಂಡಳು. ಕಣ್ಣು ಒದ್ದೆಯಾಗಿತ್ತು. "ವೆಂಡೆಲ್, ಇವತ್ತು ನಿನ್ನ ನೋಡಿ ನಂಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ?"

"ಮಾರ್ಲಿಸ್..." ವೆಂಡೆಲ್ ಕುರ್ಚಿಯನ್ನು ಅವಳತ್ತ ಎಳೆದುಕೊಂಡ.

"ನಾನಿಲ್ದೆ ನೀನು ಸತ್ತೇಹೋಗ್ತೀಯ ಅಂತ ಮೂರು ವಾರ ನಿದ್ದೆ ಮಾಡಿಲ್ಲ. ಅದೊಂದೇ ಕಾರಣಕ್ಕೆ ವಾಪಸ್ ಬರೋಣ ಅಂತಿದ್ದೆ. ಇನ್ನು ಆ ಭಯ ಇಲ್ಲ. ನೀನು ಒಬ್ನೇ ಇರಬಲ್ಲೆ." ಅಂಕದ ಹಾಳೆಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡಳು. "ಇದು ನನ್ನ ಹತ್ರ ಇರ್ಲಿ. ಮನಸ್ಸು ಕರಗಿದಾಗ ತೆಗೆದು ನೋಡ್ತೀನಿ. ಸೋಮವಾರ ವಕೀಲರ ಹತ್ರ ಹೋಗ್ತಿದೀನಿ."

ಕೋಟು ಹಾಕಿಕೊಂಡು ಮೆಟ್ಟಿಲು ಹತ್ತಿ ಹೋದಳು.

"ಅಯ್ಯೋ ಮಂಕೇ!" ಡ್ವೇನ್ ತಲೆ ಚಚ್ಚಿಕೊಂಡ. "ಅವಳಿಗೆ ಕನಿಕರ ಹುಟ್ಲಿ ಅಂತ ತಾನೇ ನಾವಿಬ್ರೂ ನಾಲ್ಕು, ಐದು ಅಂತ ಬಡ್ಕೊಂಡಿದ್ದು!"

ವೆಂಡೆಲ್ ಎದ್ದು ಮೆಟ್ಟಿಲತ್ತ ಓಡಿದ. ಎಲ್ಲ ಸುಳ್ಳು, ನನಗೆ ಒಂದು ಮೊಟ್ಟೆ ಬೇಯಿಸಲೂ ಬರುವುದಿಲ್ಲ ಎಂದು ಕೂಗಬೇಕಿತ್ತು. ನಾಲ್ಕನೆಯ ಮೆಟ್ಟಿಲಿಗೆ ಸೊಂಟ ಹಿಡಿದುಕೊಂಡು ಉಸಿರೇ ಬರಲಿಲ್ಲ. ಹೊರಗೆ ಕಾರು ಹೊರಟ ಸದ್ದಾಯಿತು. ಗೋಡೆಗೆ ಒರಗಿ ಅಲ್ಲೇ ಕುಸಿದು ಕುಳಿತ.

"ಡ್ವೇನ್" ಎಂದ. "ತಾಳಿಕೆ ನಾಲ್ಕು ಅಂದ್ಯಲ್ಲ, ಅದೇ ಜಾಸ್ತಿ ಆಯ್ತು ಕಣೋ. ಮೂರು ಬರ್ಕೋ."

"ಎಲ್ಲಿ ಬರ್ಕೊಳ್ಲಿ?" ಎಂದ ಡ್ವೇನ್. "ಹಾಳೆ ಅವಳೇ ತಗೊಂಡು ಹೋದ್ಲಲ್ಲ."