ಡಾಕ್ಟರ್ ಲೂಕ, ವಿದ್ಯುತ್ ಗ್ರಾಹಕ

ಮನುಷ್ಯರಿಲ್ಲದ ಮನೆಯೊಳಗೆ ವಿದ್ಯುತ್ತು ಹರಿಯತಕ್ಕದ್ದಲ್ಲ ಎಂಬ ನಿಯಮವು ದೇವರ ಕೃಪೆಯಿಂದಲೂ ವಿದ್ಯುತ್ ಕಚೇರಿಯ ಆದೇಶದಿಂದಲೂ ನಮ್ಮ ಲಿಪೊವಿತ್ಸ ಪಟ್ಟಣದಲ್ಲಿ ಜಾರಿಗೆ ಬಂದಿತು. ಸರ್ಬಿಯಾದ ಬೇರೆ ಊರುಗಳಿಗೆ ಈ ಭಾಗ್ಯ ಇನ್ನೂ ಒದಗಿಲ್ಲ.

ಅದಕ್ಕೆಂದು ಮನೆಮನೆಗೂ ಸ್ಮಾರ್ಟ್ ಮೀಟರು ಕೂರಿಸಿ, ಅದರಿಂದ ಬಾಗಿಲ ಚಿಲಕಕ್ಕೆ ಒಂದು ತಂತಿ ಎಳೆದರು. ಹೊರಗಿನಿಂದ ಬೀಗ ಬಿತ್ತೆಂದರೆ ಒಳಗೆ ಯಾರೂ ಇಲ್ಲವೆಂದು ಮೀಟರು ಅರಿಯುತ್ತದೆ. ಆಮೇಲೂ ವಿದ್ಯುತ್ತು ಹರಿದರೆ ಅದು ‘ಯಾರೂ ಅಲ್ಲದವರ ಬಳಕೆ’. ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಕಡಿತ. ಬೀಗ ಹಾಕದೆ ಹೋದರೆ ಪೊಲೀಸರಿಗೆ ದೂರು.

ನಾನು ಇಲ್ಲಿನ ಚರ್ಚಿನ ಗಂಟೆ ಹೊಡೆಯುವವನು. ಹೊಸದನ್ನು ಕಂಡರೆ ಮೊದಲು ಶಿಲುಬೆಯ ಗುರುತು ಮಾಡಿಕೊಳ್ಳುವುದು, ಆಮೇಲೆ ಯೋಚಿಸುವುದು ನನ್ನ ಪದ್ಧತಿ. ಮೀಟರನ್ನು ಕಂಡಾಗಲೂ ಹಾಗೆಯೇ ಮಾಡಿದೆ. ನಾವು ಯಾವಾಗ ಇಸ್ತ್ರಿ ಹಾಕುತ್ತೇವೆ, ಯಾವಾಗ ಕಾಫಿ ಕುದಿಸುತ್ತೇವೆ ಎಂಬುದು ಹಿಂದೆ ದೇವರೊಬ್ಬನಿಗೇ ಗೊತ್ತಿತ್ತು. ಈಗ ಕಚೇರಿಗೂ ಗೊತ್ತು. ಬಿಲ್ಲು ಕಳಿಸುವ ಕಷ್ಟವನ್ನು ದೇವರು ಇದುವರೆಗೂ ತೆಗೆದುಕೊಂಡಿರಲಿಲ್ಲ.

ಊರಿನಲ್ಲಿ ಯಾರಿಗೂ ತೊಂದರೆಯಾಗಲಿಲ್ಲ. ನಮ್ಮ ಕಡೆ ಮನೆಗೊಬ್ಬ ಅಜ್ಜಿ ಇದ್ದೇ ಇರುತ್ತಾಳೆ. ಅವಳನ್ನು ಒಳಗೆ ಕೂರಿಸಿ ಹೊರಟರೆ ಫ್ರಿಜ್ಜು ನಿಯಮಬದ್ಧವಾಗಿ ಓಡುತ್ತದೆ. ತೊಂದರೆಯಾದದ್ದು ಸ್ತಾಮೆಂಕಾ ಅಜ್ಜಿಗೆ ಮಾತ್ರ. ಆಕೆಯ ಮನೆಯಲ್ಲಿ ಆಕೆಯೇ ಅಜ್ಜಿ, ಆಕೆಯೇ ಉಳಿದವರೆಲ್ಲ.

ಆಕೆ ಫ್ರಿಜ್ಜಿಟ್ಟುಕೊಂಡವಳಲ್ಲ. ಚೀಸು, ಉಪ್ಪಿನಕಾಯಿ ಎಲ್ಲ ನೆಲಮಾಳಿಗೆಯಲ್ಲಿ. ಆದರೆ ನಮ್ಮಲ್ಲಿ ಪ್ರತಿ ಮನೆತನಕ್ಕೂ ಅದನ್ನು ಕಾಯುವ ಸಂತನೊಬ್ಬನಿರುತ್ತಾನೆ. ಆಕೆಯ ಮನೆಯ ಮೂಡಣ ಗೋಡೆಯ ಮೇಲೆ ಸಂತ ಲೂಕನ ಪಟ, ಪಟದ ಮುಂದೆ ಒಂದು ಕೆಂಪು ದೀಪ. ಹಿಂದೆ ಅದು ಎಣ್ಣೆದೀಪವಾಗಿತ್ತು. ಒಮ್ಮೆ ಪರದೆಗೆ ಬೆಂಕಿ ತಗುಲಿದ ಮೇಲೆ ಆಕೆಯ ಗಂಡ ರಾದೊಸಾವ್ ತಾನೇ ತಂತಿ ಎಳೆದು ಪುಟ್ಟ ಬಲ್ಬು ಕೂರಿಸಿದ. ಅದೇ ಅವನು ಮಾಡಿದ ಕಡೆಯ ಕೆಲಸ. “ಇದು ಆರಬಾರದು ಕಣೇ,” ಎಂದಿದ್ದನಂತೆ. ಆಕೆ “ಆರಲ್ಲ” ಎಂದಿದ್ದಳಂತೆ.

ಒಂದು ಭಾನುವಾರ ಬೀಗ ಹಾಕಿಕೊಂಡು ಪೂಜೆಗೆ ಬಂದಳು. ಮನೆಗೆ ಹೋಗುವಷ್ಟರಲ್ಲಿ ಮೀಟರು ಎಚ್ಚರಿಕೆ ಕೊಟ್ಟಿತ್ತು. ಮುಂದಿನ ಭಾನುವಾರ ಆಕೆಯ ಜಾಗ ಖಾಲಿ. ಅದರ ಮುಂದಿನ ಭಾನುವಾರವೂ ಖಾಲಿ. ನೋಡಿಕೊಂಡು ಬರೋಣವೆಂದು ಹೋದೆ.

“ಏನು ಮಾಡ್ಲಿ ತಿಹೊಮಿರಾ? ನಾನು ಚರ್ಚಿಗೆ ಬಂದ್ರೆ ದೀಪ ಹೋಗುತ್ತೆ. ದೀಪ ಉಳಿಸಿಕೊಂಡ್ರೆ ಚರ್ಚು ಹೋಗುತ್ತೆ. ದೇವರಿಗೇ ಬೇಜಾರಾಗ್ಬೇಕೋ, ನನ್ನ ಗಂಡನಿಗೇ ಬೇಜಾರಾಗ್ಬೇಕೋ ನೀನೇ ಹೇಳು. ದೇವರಾದ್ರೆ ಕ್ಷಮಿಸ್ತಾನೆ. ರಾದೊಸಾವ್‌ನ ಸ್ವಭಾವ ನಿಂಗೆ ಗೊತ್ತಲ್ಲ.”

ಗೊತ್ತಿತ್ತು. ನಾನು ಪ್ರಾರ್ಥನೆ ಮಾಡಿದೆ. ಪ್ರಾರ್ಥನೆಯ ಫಲವಾಗಿ ಮರುದಿನವೇ, ನಾನು ಅಜ್ಜಿಯ ಮನೆಯಲ್ಲಿದ್ದಾಗ, ಅಲ್ಲಿಗೆ ವಿದ್ಯುತ್ ಕಚೇರಿಯ ಇನ್ಸ್‌ಪೆಕ್ಟರ್ ಲ್ಯುಬೊದ್ರಾಗ್ ಬಂದರು. ಹೊಸ ಮೀಟರಿನ ಬಗ್ಗೆ ಮನೆಮಂದಿಯ ಅಭಿಪ್ರಾಯ ಸಂಗ್ರಹಿಸುವ ಕೆಲಸ ಅವರದು. ಕೈಯಲ್ಲೊಂದು ಯಂತ್ರ, ಸೊಂಟದಲ್ಲೊಂದು ನೋವು.

“ತಾಯಿ, ಮೀಟರಿನ ಬಗ್ಗೆ ನಿಮ್ಮ ಅಭಿಪ್ರಾಯ? ತೃಪ್ತಿ, ಬಹಳ ತೃಪ್ತಿ, ಅತ್ಯಂತ ತೃಪ್ತಿ. ಇದ್ರಲ್ಲಿ ಯಾವ್ದು?”

“ಅತೃಪ್ತಿ ಇಲ್ವೇನಪ್ಪ?”

“ಅದು ಮುಂದಿನ ವರ್ಷ ಬರುತ್ತಂತೆ. ಸದ್ಯಕ್ಕೆ ತೃಪ್ತಿ ಅಂತ ಹಾಕ್ತೀನಿ. ನೀವು ಇಲ್ದಾಗ ಮನೇಲಿ ಕರೆಂಟು ಉರಿದಿದೆಯಲ್ಲ, ಯಾರಿದ್ರು?”

“ಸಂತ ಲೂಕ ಇದ್ದ. ಇನ್ಯಾರಿರ್ತಾರೆ?”

ಇನ್ಸ್‌ಪೆಕ್ಟರು ಪಟದ ಕಡೆ ತಿರುಗಿ ಭಕ್ತಿಯಿಂದ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಯಂತ್ರದ ಕಡೆ ತಿರುಗಿದರು.

“ಬಾಡಿಗೆಗಿದ್ದಾರಾ?”

“ಬಾಡಿಗೆ ಅಂತೆ! ಬಾಯಿಗೆ ಬಂದಿದ್ದು ಆಡ್ಬೇಡ. ನಮ್ಮ ಮಾವನ ತಾತನ ಕಾಲದಿಂದ ಇದು ಅವನದೇ ಮನೆ. ನಾನೇ ಇಲ್ಲಿಗೆ ಸೊಸೆಯಾಗಿ ಬಂದವಳು.”

“ವಯಸ್ಸು?”

“ಎರಡು ಸಾವಿರದ ಹತ್ತಿರ ಹತ್ತಿರ.”

“ಇದು ತೊಂಬತ್ತೊಂಬತ್ತರ ಮೇಲೆ ತಗೊಳ್ಳಲ್ಲ ತಾಯಿ. ತೊಂಬತ್ತೊಂಬತ್ತು ಅಂತ ಹಾಕ್ತೀನಿ, ಅವರೇನೂ ತಪ್ಪು ತಿಳ್ಕೊಳ್ಳಲ್ಲ. ಉದ್ಯೋಗ?”

“ವೈದ್ಯ. ಬಿಡುವಿದ್ದಾಗ ಚಿತ್ರ ಬರೀತಿದ್ದ.”

“ಸಂತ ಅಂತ ಒಂದು ಆಯ್ಕೆ ಇದ್ದಿದ್ರೆ ಅದನ್ನೇ ಒತ್ತುತ್ತಿದ್ದೆ,” ಎಂದು ಇನ್ಸ್‌ಪೆಕ್ಟರು ನನ್ನ ಕಡೆ ನೋಡಿದರು. “ಖಾಲಿ ಬಿಟ್ರೆ ಯಂತ್ರ ಮುಂದಕ್ಕೆ ಹೋಗಲ್ಲ.”

“ವೈದ್ಯ ಅನ್ನೋದು ಸುಳ್ಳಲ್ಲ ಸಾರ್,” ಎಂದೆ.

ವಾರದೊಳಗೆ ಡಾಕ್ಟರ್ ಲೂಕ ಅವರ ಹೆಸರಿಗೆ ಕಚೇರಿಯ ಆದೇಶ ಬಂತು. ‘ತಾವು ವಾಸದ ಮನೆಯಲ್ಲಿ ಚಿಕಿತ್ಸಾಲಯ ನಡೆಸುತ್ತಿರುವುದು ಕಂಡುಬಂದಿರುತ್ತದೆ. ಚಿಕಿತ್ಸಾಲಯಕ್ಕೆ ಯಾವುದೇ ಕಾರಣದಿಂದ ವಿದ್ಯುತ್ ಕಡಿತಗೊಳಿಸುವಂತಿಲ್ಲ. ಆದ್ದರಿಂದ ತಾವು ಬಾಗಿಲ ಬಳಿ ರೋಗಿಗಳಿಗಾಗಿ ಒಂದು ಬೆಂಚು ಹಾಕಿಸತಕ್ಕದ್ದು.’

ಸ್ತಾಮೆಂಕಾ ಅಜ್ಜಿ ಆದೇಶವನ್ನು ಹಿಡಿದುಕೊಂಡು ಪಾದ್ರಿ ಗೆರಾಸಿಮ್ ಅವರ ಬಳಿಗೆ ಓಡಿದಳು. ಬೀಗ ಹಾಕಿಯೇ ಓಡಿದಳು, ದೀಪ ಉರಿಯುತ್ತಲೇ ಇತ್ತು.

“ಸ್ವಾಮಿ, ಇದು ಪಾಪವೇನೋ?”

ಪಾದ್ರಿಗಳು ಗಡ್ಡ ನೀವಿಕೊಂಡು ಯೋಚಿಸಿದರು. “ಅವನು ವೈದ್ಯ ಅಂತ ಶಾಸ್ತ್ರವೇ ಹೇಳುತ್ತೆ. ಈಗ ಕಚೇರಿಯೂ ಹೇಳ್ತಿದೆ. ಇವೆರಡೂ ಒಂದೇ ಮಾತು ಹೇಳೋದು ನನ್ನ ಕಾಲದಲ್ಲಿ ಇದೇ ಮೊದಲು. ಅಡ್ಡ ಬರೋಕೆ ನಾನ್ಯಾರು? ಬೆಂಚು ಹಾಕ್ಸಮ್ಮ.”

ಚರ್ಚಿನ ಹಿಂದೆ ಬಿದ್ದಿದ್ದ ಹಳೆಯ ಬೆಂಚೊಂದನ್ನು ನಾನೇ ಹೊತ್ತುಕೊಂಡು ಹೋಗಿ ಹಾಕಿದೆ. ಭಾನುವಾರ ಸ್ತಾಮೆಂಕಾ ಅಜ್ಜಿ ಚರ್ಚಿನಲ್ಲಿ ತನ್ನ ಜಾಗದಲ್ಲಿ ನಿಂತಿದ್ದಳು.

ಅಷ್ಟರಲ್ಲಿ ಸಂತ ಲೂಕನ ದಿನ ಬಂತು. ಮನೆಸಂತನ ಹಬ್ಬಕ್ಕೆ ನಮ್ಮಲ್ಲಿ ಕರೆಯುವ ಪದ್ಧತಿಯಿಲ್ಲ, ಬಂದವರನ್ನು ಕಳಿಸುವ ಪದ್ಧತಿಯೂ ಇಲ್ಲ. ಈ ಸಲ ಬೀದಿಗೆ ಬೀದಿಯೇ ಬಂತು, ಅಜ್ಜಿಯರೂ ಬಂದರು. ಸಕ್ಕರೆ, ಅಕ್ರೋಟು ಬೆರೆಸಿದ ಬೇಯಿಸಿದ ಗೋಧಿಯನ್ನು ಒಂದೊಂದು ಚಮಚ ಬಾಯಿಗಿಟ್ಟು, ಪ್ಲಮ್ ಹಣ್ಣಿನ ಸಾರಾಯಿಯಾದ ರಾಕಿಯಾ ಹಿಡಿದು ಕೂತರು. ತಮ್ಮ ತಮ್ಮ ಮನೆಗೆ ಬೀಗ ಹಾಕಿ ಬಂದಿದ್ದೇವೆ, ಒಳಗೆ ಫ್ರಿಜ್ಜು ಓಡುತ್ತಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಒಂದು ವಾರದ ಹಿಂದೆ ಅಜ್ಜಿಯರ ಸಮೇತ ಊರ ಮದುವೆಯೊಂದಕ್ಕೆ ಹೋದಾಗಲೇ ಎಲ್ಲರಿಗೂ ಮೊದಲ ಎಚ್ಚರಿಕೆ ಬಂದಿತ್ತು. ಮೀಟರುಗಳು ಅದನ್ನು ಮರೆತಿರಲಿಲ್ಲ.

ಮಬ್ಬಾಗುವ ಹೊತ್ತಿಗೆ ಬೀದಿಯೆಲ್ಲ ಕತ್ತಲು. ಚಿಕಿತ್ಸಾಲಯವೊಂದರಲ್ಲೇ ಬೆಳಕು. ಆ ಬೆಳಕಿನಲ್ಲಿ ಇನ್ಸ್‌ಪೆಕ್ಟರು ಬಾಗಿಲಿಗೆ ಬಂದು ನಿಂತರು.

“ನಿಮ್ಮೆಲ್ಲರ ಮನೆ ಕರೆಂಟು ಕಡಿತ ಆಗಿದೆ, ತಿಳಿಸಿ ಹೋಗೋಣ ಅಂತ...”

“ಮೊದ್ಲು ಗೋಧಿ ತಿನ್ನು,” ಎಂದಳು ಸ್ತಾಮೆಂಕಾ ಅಜ್ಜಿ. ಹಬ್ಬದ ದಿನ ಮನೆಯೊಡತಿ ತಾನು ಕೂರದೆ ನಿಂತೇ ಬಡಿಸುತ್ತಾಳೆ, ಅವಳ ಮಾತು ಮೀರುವಂತಿಲ್ಲ. ಇನ್ಸ್‌ಪೆಕ್ಟರು ತಿಂದರು.

ಪಕ್ಕದ ಮನೆಯ ಕ್ರುನಿಯಾ ಎದ್ದುನಿಂತಳು. “ಅಲ್ಲಪ್ಪ ದೊರೆ, ಇವಳ ಸಂತ ಮನೇಲಿರ್ತಾನೆ, ನನ್ನ ಸಂತ ಏನು ಹೋಟೆಲಲ್ಲಿರ್ತಾನಾ? ನಮ್ಮವನು ಸಂತ ಜಾರ್ಜ್. ಬರ್ಕೋ.”

“ಉದ್ಯೋಗ?”

“ಕುದುರೆ ಇದೆ.”

“ಹಾಗಾದ್ರೆ ಕೃಷಿ,” ಎಂದು ಇನ್ಸ್‌ಪೆಕ್ಟರು ಯಂತ್ರ ತೆಗೆದರು.

ಅಲ್ಲಿಯೇ ಸಾಲು ನಿಂತಿತು. ನದಿಯಲ್ಲಿ ದೀಕ್ಷೆ ಕೊಟ್ಟ ಸಂತ ಯೋಹಾನ ನೀರು ಸರಬರಾಜಿಗೆ ಸೇರಿದ. ನಾವಿಕರನ್ನು ಕಾಯುವ ಸಂತ ನಿಕೋಲ ಹಡಗು ಸಾರಿಗೆಗೆ. ನನ್ನ ಸರದಿ ಬಂದಾಗ, ನಮ್ಮ ಮನೆಯಲ್ಲಿರುವುದು ಗುಡುಗು ಮಿಂಚಿನ ಸಂತ ಎಲೀಯ ಎಂದು ಇದ್ದದ್ದನ್ನೇ ಹೇಳಿದೆ. ನನ್ನನ್ನು ವಿದ್ಯುತ್ ಉತ್ಪಾದಕನೆಂದು ದಾಖಲಿಸಿದರು. ಮಿಂಚಿನ ಅಂದಾಜು ಪ್ರಮಾಣವನ್ನು ಬೇಸಿಗೆಗೆ ಮುಂಚೆ ಸಲ್ಲಿಸಬೇಕೆಂದು ಕಚೇರಿ ವಿನಯದಿಂದ ಕೇಳಿದೆ. ‘ದೇವರ ಚಿತ್ತ’ ಎಂದು ಬರೆದುಕೊಟ್ಟಿದ್ದೇನೆ. ಒಪ್ಪಿದ್ದಾರೆ.

ಈಗ ಲಿಪೊವಿತ್ಸದಲ್ಲಿ ಖಾಲಿ ಮನೆ ಎಂಬುದೇ ಇಲ್ಲ. ಯಾರೂ ಅಲ್ಲದವರ ಬಳಕೆಯನ್ನು ಸಂಪೂರ್ಣವಾಗಿ ನಿರ್ಮೂಲ ಮಾಡಿದ ಮೊದಲ ಪಟ್ಟಣವೆಂದು ಕಚೇರಿಯವರು ನಮಗೆ ಫಲಕ ಕೊಟ್ಟರು. ಪಾದ್ರಿಗಳು ಅದಕ್ಕೆ ತೀರ್ಥ ಚಿಮುಕಿಸಿದರು.

ಮೊನ್ನೆ ಗಂಟೆ ಹೊಡೆದು ಬರುವಾಗ ನೋಡಿದೆ, ಇನ್ಸ್‌ಪೆಕ್ಟರ್ ಲ್ಯುಬೊದ್ರಾಗ್ ಯಂತ್ರವಿಲ್ಲದೆ ಬರಿಗೈಯಲ್ಲಿ, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಆ ಬೆಂಚಿನ ತುದಿಯಲ್ಲಿ ಕೂತಿದ್ದರು. ಸರದಿಯಲ್ಲಿ ಅವರ ಮುಂದೆ ಮಂಡಿನೋವಿನ ಇಬ್ಬರು ಅಜ್ಜಿಯರಿದ್ದರು.

ಸ್ತಾಮೆಂಕಾ ಅಜ್ಜಿ ಕೈಚೀಲ ಹಿಡಿದು, ಚರ್ಚಿಗೆಂದು ಹೊರಗೆ ಬಂದಳು.

“ತಾಯಿ, ಈ ಸೊಂಟ...” ಎಂದು ಇನ್ಸ್‌ಪೆಕ್ಟರು ಮೆಲ್ಲಗೆ ಕೇಳಿದರು. “ಡಾಕ್ಟ್ರು ಇದ್ದಾರಾ?”

“ಇದ್ದಾನಪ್ಪ,” ಎಂದಳು ಆಕೆ, ಬಾಗಿಲನ್ನು ತೆರೆದೇ ಬಿಡುತ್ತಾ. “ದೀಪ ಉರೀತಿದೆಯಲ್ಲ.”